ಸೋಯಾ ಬೀಜಕ್ಕೆ ಬೆಲ್ಲದ ಸ್ನಾನ

"ಅಮ್ಮಂದಿರಾ, ಗಮನ ಇಟ್ಟು ಕೇಳಿ. ಈ ಕಪ್ಪು ಪುಡಿ ನೋಡೋಕೆ ಇದ್ದಿಲ ಪುಡಿ ಥರ ಇದೆ. ಆದ್ರೆ ಇದರೊಳಗೆ ಕೋಟಿ ಕೋಟಿ ಜೀವ ಇದೆ. ರೈಜೋಬಿಯಂ ಅಂತ, ಕಣ್ಣಿಗೆ ಕಾಣದ ಸೂಕ್ಷ್ಮಾಣು. ಬೆಲ್ಲದ ನೀರು ಕುದಿಸಿ, ಪೂರ್ತಿ ತಣ್ಣಗಾಗೋಕೆ ಬಿಡಿ. ಬಿಸಿ ಇದ್ದಾಗ ಪುಡಿ ಹಾಕಿದ್ರೆ ಅವು ಸತ್ತೇ ಹೋಗ್ತವೆ. ತಣ್ಣಗಾದ ಮೇಲೆ ಕಲಸಿ, ಸೋಯಾ ಬೀಜಕ್ಕೆ ಹಗುರವಾಗಿ ಸವರಿ, ಸಿಪ್ಪೆ ಏಳಬಾರದು. ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ರಾಸಾಯನಿಕ ಔಷಧಿ ಯಾವುದೂ ಸೋಕಬಾರದು. ಒಂದು ಸಾಲು ಮಾತ್ರ ಪುಡಿ ಹಚ್ಚದ ಬರೀ ಬೀಜ ಬಿತ್ತಿ, ಹೋಲಿಸಿ ನೋಡೋಕೆ ಬೇಕು. ನಲವತ್ತೈದು ದಿನಕ್ಕೆ ನಾನೇ ಬಂದು ಗಿಡ ಕಿತ್ತು ನೋಡ್ತೀನಿ. ಬೇರಲ್ಲಿ ಗಂಟು ಕಟ್ಟಿರಬೇಕು, ಗಂಟು ಸೀಳಿದ್ರೆ ಒಳಗೆ ಗುಲಾಬಿ ಬಣ್ಣ ಇರಬೇಕು. ಹಾಗಿದ್ರೆ ಅವು ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಉಣಿಸ್ತಾ ಇವೆ ಅಂತ ಅರ್ಥ!"

ಇದು ನಮ್ಮ ಮಹಿಳಾ ಸಂಘಕ್ಕೆ ಪಾಠ ಹೇಳೋಕೆ ಬಂದ ಶೈಲಾ ಮೇಡಂ ಮಾತು. ಒಂದಕ್ಷರ ಬಿಟ್ಟಿಲ್ಲ ನೋಡಿ! ಓದಿದ ಹೆಂಗಸರೆಲ್ಲ ಅವತ್ತು ಪೆನ್ನು ಪುಸ್ತಕ ಹಿಡಿದು ಗೀಚ್ತಾ ಇದ್ರು. ನಾನು ಮೂರನೇ ಕ್ಲಾಸಿಗೇ ಸರಸ್ವತಿಗೆ ಕೈಮುಗಿದು ಬಂದವಳು. ನನಗೆ ಕಿವಿಯೇ ಪುಸ್ತಕ. ಅವರ ಪುಸ್ತಕ ಕಳೆದುಹೋಗಬಹುದು, ನನ್ನ ಕಿವಿ ಎಲ್ಲಿಗೆ ಹೋಗ್ತದೆ? ಅವತ್ತೇ ಶಪಥ ಮಾಡಿದೆ. ಮಹದೇವಪುರದ ಈ ಸುತ್ತಿನಲ್ಲಿ ಯಾರೂ ಬೆಳೀದಂಥ ಸೋಯಾ ಬೆಳೀತೀನಿ, ಒಂದು ಹಿಡಿ ಯೂರಿಯಾ ಸೋಕಿಸದೆ ಬೆಳೀತೀನಿ!

ಎಲ್ಲಿ ಬೆಳೀತೀಯಮ್ಮ ಅಂತೀರಾ? ನಮ್ಮ ಹೊಲ ಇದ್ದ ಕಡೆ ಈಗ ಗಾಜಿನ ಕಟ್ಟಡಗಳು ಎದ್ದಿವೆ. ನಮಗೆ ಉಳಿದಿರೋದು ಮೇಲಿನ ಮಹಡಿಗಳನ್ನ ಬಾಡಿಗೆಗೆ ಕೊಟ್ಟಿರೋ ಮೂರಂತಸ್ತಿನ ಮನೆ, ಅದರ ಪಕ್ಕದಲ್ಲಿ ಎರಡೇ ಎರಡು ಗುಂಟೆ ಮಣ್ಣು. ಆ ಎರಡು ಗುಂಟೆ ಮೇಲೆ ನಮ್ಮ ಯಜಮಾನರು ವೆಂಕಟೇಶಪ್ಪನವರ ಕಣ್ಣು ಬಿದ್ದಿತ್ತು.

"ಕಾಂಕ್ರೀಟ್ ಹಾಕ್ಸಿ ಪಾರ್ಕಿಂಗ್ ಮಾಡ್ತೀನಿ. ಎಂಟು ಕಾರು ಇಡಿಸ್ತದೆ" ಅಂದ್ರು.

"ಕಾರು ಬೇರು ಬಿಡ್ತದಾ?" ಅಂದೆ.

"ನಿನ್ನ ಬೇರು ನೋಡಿದೀನಿ ಹೋಗೇ. ಹೋದ ವರ್ಷ ಅವರೆ ಹಾಕ್ದೆ, ಹುಳ ತಿಂತು. ಅದರ ಹಿಂದಿನ ವರ್ಷ ಅಲಸಂದೆ ಹಾಕ್ದೆ, ಹಂದಿ ತಿಂತು."

"ಈ ಸಲ ನೋಡಿ. ಬೇರಲ್ಲಿ ಗಂಟು ಕಟ್ಟಲಿಲ್ಲ ಅಂದ್ರೆ ನೀವು ಕಾಂಕ್ರೀಟ್ ಹಾಕ್ಸಿ, ನಾನೇ ನಿಂತು ನೀರು ಚಿಮುಕಿಸ್ತೀನಿ!"

ಆಡಿದ್ದು ಆಡಿಯಾಯ್ತು. ನಾನು ಸೊಸೆಯಾಗಿ ಬಂದ ದಿನದಿಂದ ಮಣ್ಣು ಕಾಲಿಗಂಟದ ದಿನ ಇಲ್ಲ. ಆ ಎರಡು ಗುಂಟೆಯೂ ಹೋದ್ರೆ ಆಮೇಲೆ ಮಣ್ಣು ನೋಡೋಕೆ ತುಳಸಿ ಕುಂಡಕ್ಕೇ ಹೋಗಬೇಕು.

ಮೇಡಂ ಕೊಟ್ಟ ಪೊಟ್ಟಣ ಮನೆಗೆ ತಂದಾಗ ಯಜಮಾನರು ಮೂಗು ಮುಚ್ಚಿಕೊಂಡ್ರು.

"ಬ್ಯಾಕ್ಟೀರಿಯಾ ಅಂದ್ರೆ ಜ್ವರ ಬರ್ಸೋದು ಕಣೇ! ದುಡ್ಡು ಕೊಟ್ಟು ಓಡ್ಸೋದನ್ನ ಸೆರಗಲ್ಲಿ ಕಟ್ಕೊಂಡು ಬಂದವ್ಳೆ!"

"ಇವು ಒಳ್ಳೆ ಜಾತಿಯವು ಕಣ್ರೀ. ಬೇರಲ್ಲಿ ಗಂಟು ಅಂತ ಮನೆ ಕಟ್ಕೊಂಡು ಬಾಡಿಗೆಗೆ ಇರ್ತಾವೆ. ಗಿಡ ಅವಕ್ಕೆ ಸಕ್ಕರೆ ಊಟ ಹಾಕ್ತದೆ. ಅವು ಗಿಡಕ್ಕೆ ಗೊಬ್ಬರ ಮಾಡಿ ಕೊಡ್ತಾವೆ."

"ನಮ್ಮ ಮೇಲಿನ ಮನೆಯವರು ಕಸ ಬಿಟ್ಟು ಏನ್ ಕೊಟ್ಟವ್ರೆ?" ಅಂದ್ರು.

ಬಿತ್ತನೆ ದಿನ ಬಂತು. ಬೆಲ್ಲ ಕುದಿಸಿದೆ. ತಣ್ಣಗಾಗಲಿ ಅಂತ ಪಾತ್ರೆ ಮುಂದೆ ಕೂತೆ. ಬೆರಳು ಅದ್ದಿ ನೋಡಿದೆ, ಮತ್ತೆ ಕೂತೆ. ತಾಳ್ಮೆಗೆ ಪದಕ ಕೊಡೋ ಹಾಗಿದ್ರೆ ಅವತ್ತು ನನ್ನ ಕುತ್ತಿಗೆ ಬಗ್ಗಿಬಿಡ್ತಿತ್ತು! ಅರ್ಧ ಪೊಟ್ಟಣ ಪುಡಿ ಕಲಸಿ, ಎರಡು ಸೇರು ಬೀಜಕ್ಕೆ ಎಳೆಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಸವರಿದೆ. ಮಿಕ್ಕ ಅರ್ಧವನ್ನ ಒಂದು ಡಬ್ಬಿಗೆ ತುಂಬಿ, ಹೊರಗೆ ನಲ್ಲಿ ಪಕ್ಕದ ತಂಪಾದ ಗೂಡಲ್ಲಿಟ್ಟೆ. ಬೀಜ ಮೊರದಲ್ಲಿ ಹರಡಿ, ತಾರಸಿ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿಟ್ಟು ಕೆಳಗಿಳಿದೆ.

ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದ್ರೆ, ಮೊರದ ಮೇಲೆ ಫಳಫಳ ಬಿಸಿಲು! ಸೂರ್ಯ ಟ್ಯಾಂಕಿನ ಆ ಕಡೆ ಇದ್ದಾನೆ, ಬಿಸಿಲು ಈ ಕಡೆಯಿಂದ ಬರ್ತಾ ಇದೆ! ಎದುರಿನ ಗಾಜಿನ ಕಟ್ಟಡ ಬಿಸಿಲನ್ನ ಹಿಡಿದು ನನ್ನ ಮೊರಕ್ಕೇ ಗುರಿಯಿಟ್ಟು ಎಸೀತಾ ಇತ್ತು. ಮೊರ ಎತ್ತಿ ಆ ಮೂಲೆಗಿಟ್ಟೆ. ಅಲ್ಲಿಗೆ ಇನ್ನೊಂದು ಕಟ್ಟಡದಿಂದ ಬಿಸಿಲು! ನಮ್ಮೂರಲ್ಲಿ ಈಗ ಸೂರ್ಯ ಒಬ್ಬನಲ್ಲ ಸ್ವಾಮಿ, ನಾಲ್ಕು ಜನ. ಕೊನೆಗೆ ಮೆಟ್ಟಿಲ ಕೆಳಗೆ ತಂದಿಟ್ಟೆ.

ಅಲ್ಲಿ ಬಿಸಿಲಿರಲಿಲ್ಲ. ಇರುವೆ ಇತ್ತು. ಬೆಲ್ಲದ ವಾಸನೆಗೆ ಚತುರಂಗ ಸೈನ್ಯವೇ ಸಾಲುಗಟ್ಟಿ ಬಂತು! ಬೀಜದ ಮೇಲೆ ಇರುವೆಯೋ, ಇರುವೆ ಮೇಲೆ ಬೀಜವೋ ಗೊತ್ತಾಗದ ಹಾಗಾಯ್ತು. ಮೂರನೇ ಮಹಡಿಯಲ್ಲಿ ಬಾಡಿಗೆಗಿರೋ ಸ್ಫೂರ್ತಿ ಆಫೀಸಿಗೆ ಹೊರಟವಳು ನಿಂತು, "ಆಂಟಿ, ನನ್ನ ಹತ್ರ ಇರುವೆ ಸ್ಪ್ರೇ ಇದೆ, ಕೊಡ್ಲಾ?" ಅಂದಳು.

"ಬೇಡಮ್ಮಾ! ರಾಸಾಯನಿಕ ಸೋಕಬಾರದು ಅಂದವ್ರೆ!" ಅಂತ ಮೊರಕ್ಕೆ ಅಡ್ಡ ನಿಂತೆ. ಎಂಥಾ ಶಿಷ್ಯೆ ನಾನು! ಇರುವೆಗೆ ನಮ್ಮತ್ತೆ ಕಾಲದ ಮದ್ದಿದೆ. ಅದು ರಾಸಾಯನಿಕವೂ ಅಲ್ಲ, ಶುಭವೂ ಹೌದು. ಅಡುಗೆಮನೆಗೆ ಹೋಗಿ ಎರಡು ಹಿಡಿ ಅರಿಶಿನ ತಂದು ಬೀಜಕ್ಕೆಲ್ಲ ಚೆನ್ನಾಗಿ ಕಲಸಿದೆ. ಇರುವೆ ದಿಕ್ಕಾಪಾಲು! ಬೀಜವೆಲ್ಲ ಮದುಮಗಳ ಹಾಗೆ ಹೊಳೀತಿದ್ವು. ಸಂಜೆಗೆ ಮೊದಲು ಬಿತ್ತಿ ಮುಗಿಸಿದೆ. ಬರೀ ಬೀಜದ ಒಂದು ಸಾಲನ್ನ ಕಾಂಪೌಂಡ್ ಪಕ್ಕ, ನಲ್ಲಿ ಹತ್ರ, ಯಾರಿಗೂ ಬೇಡದ ಜಾಗಕ್ಕೆ ಹಾಕಿದೆ.

ಮೊಳಕೆ ಬಂತು, ಗಿಡ ಬಂತು. ತಿಂಗಳಾದ ಮೇಲೆ ನನ್ನ ಗಿಡದ ಎಲೆ ತುಸು ಹಳದಿಗೆ ತಿರುಗಿದವು. ಅರಿಶಿನದ ಕಳೆ ಏರಿದೆ ಅಂತ ದೃಷ್ಟಿ ತೆಗೆದೆ. ದಾರಿಯಲ್ಲಿ ಹೋಗೋರನ್ನೆಲ್ಲ ಕರೆದು ತೋರಿಸಿದೆ. ಪಕ್ಕದ ಬ್ರೂಕ್‌ಫೀಲ್ಡ್ ಬಡಾವಣೆಯಿಂದ ನಾಯಿ ಹಿಡ್ಕೊಂಡು ವಾಕಿಂಗ್ ಬರೋರಿಗೂ ಗಂಟಿನ ಪಾಠ ಹೇಳಿ ಕಳಿಸಿದೆ. ನಾಯಿಗಳೇ ಎಳ್ಕೊಂಡು ಹೋಗೋವರೆಗೂ ಬಿಡ್ತಿರಲಿಲ್ಲ.

ನಲವತ್ತೈದನೇ ದಿನ ಶೈಲಾ ಮೇಡಂ ಬಂದ್ರು. ಜೊತೆಗೆ ಸಂಘದ ಹನ್ನೊಂದು ಹೆಂಗಸರು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. "ಎಲ್ಲಿ ಬೇಕಾದ್ರೂ ಕೀಳಿ ಮೇಡಂ!" ಅಂದೆ.

ಮೇಡಂ ಒಂದು ಗಿಡ ಕಿತ್ತು ಬೇರು ತೊಳೆದ್ರು. ಗಂಟಿಲ್ಲ. ಇನ್ನೊಂದು ಕಿತ್ರು, ನನ್ನ ತಲೆಗೂದಲ ಹಾಗೆ ನುಣ್ಣಗಿತ್ತು ಬೇರು. ಐದು ಸಾಲು ದಾಟಿ ಇನ್ನೂ ಒಂದು ಕಿತ್ರು. ಊಹೂಂ.

"ಬೆಲ್ಲದ ನೀರು ತಣ್ಣಗಿತ್ತಾ ಅಮ್ಮ?"

"ಬಾವಿ ನೀರಿಗಿಂತ ತಣ್ಣಗಿತ್ತು."

"ಔಷಧಿ ಏನಾದ್ರೂ ಸೋಕ್ತಾ?"

"ಶಿವಾ ಶಿವಾ! ಅರಿಶಿನ ಬಿಟ್ರೆ ಏನೂ ಇಲ್ಲ."

ಮೇಡಂ ತಲೆ ಮೇಲೆ ಕೈ ಇಟ್ಕೊಂಡ್ರು. "ಅಮ್ಮಾ, ಗಾಯಕ್ಕೆ ಅರಿಶಿನ ಯಾಕೆ ಹಚ್ತೀರ?"

"ಕ್ರಿಮಿ ಸಾಯ್ಲಿ ಅಂತ."

"ಬೀಜಕ್ಕೆ ನಾವು ಹಚ್ಚಿದ್ದೇನು?"

ಹನ್ನೊಂದು ಹೆಂಗಸರು ಒಟ್ಟಿಗೆ "ಅಯ್ಯೋ!" ಅಂದ್ರು. ಕೋಟಿ ಕೋಟಿ ಬಾಡಿಗೆದಾರರನ್ನ ಗೃಹಪ್ರವೇಶದ ದಿನವೇ ಅರಿಶಿನ ಹಚ್ಚಿ ಪರಲೋಕಕ್ಕೆ ಕಳಿಸಿದ್ದೆ!

ಯಜಮಾನರು ಆಗಲೇ ಕಿವಿಗೆ ಫೋನಿಟ್ಟು ಕಾಂಕ್ರೀಟಿನ ಕೊಟ್ರೇಶ್‌ಗೆ ಹೇಳ್ತಾ ಇದ್ರು. "ನಾಳೆ ಜಲ್ಲಿ ಲಾರಿ ಕಳ್ಸಪ್ಪಾ. ಆ, ಎಂಟು ಕಾರಿಗೆ. ನೀರು ಚಿಮುಕ್ಸೋಕೆ ಆಳು ನಮ್ಮನೇಲೇ ಅವ್ರೆ."

ಕಾಲ ಕೆಳಗಿನ ಮಣ್ಣು ಆಗಲೇ ಗಟ್ಟಿಯಾದ ಹಾಗನ್ನಿಸ್ತು.

"ಇರಲಿ, ಆ ಬರೀ ಬೀಜದ ಸಾಲನ್ನೂ ನೋಡೋಣ" ಅಂತ ಮೇಡಂ ನಲ್ಲಿ ಹತ್ರ ಹೋದ್ರು. ಹೋದವರು ಅಲ್ಲೇ ನಿಂತ್ರು. ಆ ಸಾಲಿನ ಎಲೆ ಕಡುಹಸಿರು! ನಾನೋ, ಬೇಡದ ಸಾಲು ಅಂತ ಅದರ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಕಿತ್ರೆ ಬೇರಿನ ತುಂಬ ಗಂಟು, ಮುತ್ತು ಪೋಣಿಸಿದ ಹಾಗೆ! ಉಗುರಲ್ಲಿ ಸೀಳಿದ್ರೆ ಒಳಗೆ ಗುಲಾಬಿ!

"ಈ ಸಾಲಿಗೆ ಪುಡಿ ಹಾಕಿದವರು ಯಾರು?" ಅಂದ್ರು ಮೇಡಂ.

"ಯಾರೂ ಇಲ್ಲ ಮೇಡಂ. ಮಿಕ್ಕ ಪುಡಿ ಈ ಗೂಡಲ್ಲಿ ಡಬ್ಬಿಲಿ ಇದೆ" ಅಂತ ನಲ್ಲಿ ಪಕ್ಕದ ಗೂಡಿಂದ ಡಬ್ಬಿ ತೆಗೆದೆ. ಖಾಲಿ!

ಯಜಮಾನರು ಫೋನು ಇಳಿಸಿದ್ರು. "ಅದಾ? ನನ್ನ ಹಲ್ಲುಪುಡಿ ಅಲ್ವಾ? ಬೆಳಗ್ಗೆ ಬೆಳಗ್ಗೆ ಇಲ್ಲೇ ನಿಂತು ಉಜ್ತಿದ್ದೆ. ಮೊನ್ನೆ ಮೊನ್ನೆವರೆಗೂ ಇತ್ತು. ಇದ್ದಿಲ ಪುಡಿಗಿಂತ ನುಣ್ಣಗೈತೆ, ಸ್ವಲ್ಪ ಮಣ್ಣಿನ ವಾಸ್ನೆ, ಅಷ್ಟೇ ಅಂದ್ಕೊಂಡೆ."

"ಉಜ್ಜಿ ಎಲ್ಲಿ ಉಗುಳ್ತಿದ್ರಿ?" ಅಂದ್ರು ಮೇಡಂ.

"ಇನ್ನೆಲ್ಲಿ? ಇದೇ ಸಾಲಿಗೆ. ಸಾಲಿನ ಉದ್ದಕ್ಕೂ ಓಡಾಡ್ಕೊಂಡು ಬಾಯಿ ಮುಕ್ಕಳಿಸ್ತಿದ್ದೆ. ಮಂಡಿಗೆ ಒಳ್ಳೇದು ಅಂತ ಡಾಕ್ಟ್ರು ನಡೆಯೋಕೆ ಹೇಳವ್ರೆ."

ಮೇಡಂ ನಕ್ಕು ನಕ್ಕು ಕಾಂಪೌಂಡಿಗೆ ಒರಗಿದ್ರು. ಆಮೇಲೆ ಹನ್ನೊಂದು ಹೆಂಗಸರ ಕಡೆ ತಿರುಗಿ, "ನೋಡಿ, ಜೀವಾಣುವನ್ನ ನೀರಲ್ಲಿ ಕಲಸಿ ಸಾಲಿನ ಉದ್ದಕ್ಕೂ ಮಣ್ಣಿಗೆ ಬಿಡೋ ಪದ್ಧತಿನೂ ಇದೆ. ಯಜಮಾನರು ಅದನ್ನೇ ಮಾಡಿದ್ದಾರೆ. ಬಾಯಿ ಮಾತ್ರ ನೀವು ಬಳಸಬೇಡಿ, ಬಕೆಟ್ ಸಾಕು! ಎಲ್ಲರೂ ಚಪ್ಪಾಳೆ ತಟ್ಟಿ" ಅಂದ್ರು.

ತಟ್ಟಿದ್ರು! ಯಜಮಾನರ ಎದೆ ಎರಡು ಗುಂಟೆ ಅಗಲ ಆಯ್ತು. ಬೇರು ಹಿಡಿದು ಫೋಟೊಗೆ ನಿಂತ್ರು. "ವ್ಯವಸಾಯಕ್ಕೆ ಶ್ರದ್ಧೆ ಬೇಕು ಕಣ್ರಮ್ಮಾ, ನಾನು ಒಂದಿನಾನೂ ತಪ್ಪಿಸಿಲ್ಲ" ಅಂತ ಭಾಷಣ ಬಿಗಿದ್ರು. ಅಷ್ಟರಲ್ಲಿ ಕೊಟ್ರೇಶ್ ಫೋನು ಮತ್ತೆ ಬಂತು.

"ಜಲ್ಲೀನಾ? ಏಯ್, ತಲೆ ಕೆಟ್ಟೈತಾ? ಬೆಳೆ ನಿಂತಿರೋ ಹೊಲಕ್ಕೆ ಯಾವನಾದ್ರೂ ಕಾಂಕ್ರೀಟ್ ಸುರೀತಾನಾ? ಬರೋ ವರ್ಷನೂ ಇಲ್ಲಿ ಸೋಯಾನೇ. ಇಡು ಫೋನು!"

ಮಣ್ಣು ಉಳೀತು! ಶಪಥ ನನ್ನದು, ಮಣ್ಣು ನನ್ನದು, ಅಂತ ಹೇಳಬೇಕು ಅಂತ ಬಾಯಿ ತೆರೆದೆ.

"ಲೇ ಭಾಗ್ಯ, ಅಲ್ಲಿ ಸುಮ್ನೆ ಏನ್ ನಿಂತಿದೀಯ? ನನ್ನ ಹೊಲ ನೋಡೋಕೆ ಬಂದವರಿಗೆ ಕಾಫಿ ಕೊಡು. ಆಮೇಲೆ ನನ್ನ ಬೆಳೆಗೆ ಒಂದ್ ಸುತ್ತು ನೀರು ಬಿಡು. ಅರಿಶಿನದ ಡಬ್ಬಿ ಮಾತ್ರ ಈ ಕಡೆ ತರಬೇಡ!"

ರೇಷ್ಮೆ ಸೀರೆ ಸೊಂಟಕ್ಕೆ ಸಿಕ್ಕಿಸಿದೆ. ಹದಿಮೂರು ಲೋಟ ಕಾಫಿ ಬೆರೆಸಿ ಕೊಟ್ಟೆ. ಹದಿಮೂರೂ ಲೋಟ ತೊಳೆದು ಬೋರಲು ಹಾಕಿದೆ. ಪೈಪು ನಲ್ಲಿಗೆ ಸಿಕ್ಕಿಸಿ, ಮೊದಲು ಅವರ ಸಾಲಿಗೇ ನೀರು ಬಿಟ್ಟೆ.