ಕೆಂಪು ಧೂಳಿನಲ್ಲಿ ಬರೆದ ಹೆಸರು

ಹಟ ಹಿಡಿದು ಒಂದು ಕೆಲಸಕ್ಕೆ ಕೂತವರ ಸುತ್ತ ನಗುವಂಥದ್ದು ಏನಾದರೂ ನಡೆದೇ ನಡೆಯುತ್ತದೆ. ನನ್ನ ಕಣ್ಣೆದುರಂತೂ ನಡೆದಿದೆ. ಅದಿರಿಗೆ ಬಂಗಾರದ ಕಾಲ ಬಂದಿದ್ದ ವರ್ಷಗಳಲ್ಲಿ ಸಂಡೂರು ಕಡೆಯ ಒಂದು ಗಣಿಯಲ್ಲಿ ನಾನು ಹಾಜರಿ ಗುಮಾಸ್ತ. ಹೊಸಪೇಟೆಯಿಂದ ದಿನಾ ಓಡಾಟ. ಹಿಡಿದ ಕೆಲಸ ಬಿಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನ್ನ ಹಳೆಯ ಡೈರಿಗಳನ್ನು ನೋಡಿದರೆ, ಜನವರಿ ಆರರ ನಂತರ ನನ್ನ ಬಾಳಿನಲ್ಲಿ ಏನೂ ನಡೆದೇ ಇಲ್ಲ.

ಹೆಬ್ಬೆಟ್ಟು

ವಡ್ಡು ಊರಿನ ಹುಲಿಗೆಮ್ಮಕ್ಕ ನಮ್ಮಲ್ಲಿ ಅದಿರು ಆರಿಸುವ ಕೆಲಸಕ್ಕಿದ್ದಳು. ವಯಸ್ಸು ಐವತ್ತರ ಹತ್ತಿರ. ಕಲ್ಲು ಹಿಡಿದು ಹಿಡಿದು ಹೆಬ್ಬೆರಳಿನ ಗೆರೆಗಳು ಸವೆದುಹೋಗಿದ್ದವು. ಒಮ್ಮೆ ತಪಾಸಣೆಗೆ ಬಂದಿದ್ದವನೊಬ್ಬ ಹಾಜರಿ ಪುಸ್ತಕ ತಿರುವಿ ಎಲ್ಲರೆದುರಿಗೇ ಕೇಳಿದ: "ಇದು ಹೆಬ್ಬೆಟ್ಟೋ, ಮಸಿ ಚೆಲ್ಲಿದ್ದೋ?"

ಎಲ್ಲರೂ ನಕ್ಕರು. ಹುಲಿಗೆಮ್ಮಕ್ಕ ನಗಲಿಲ್ಲ. ಅವನು ಹೋದ ಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸರ, ಹೆಸರು ಬರಿಯೋದು ಕಲೀಲಿಕ್ಕೆ ಎಷ್ಟು ದಿನ ಬೇಕ್ರಿ?"

"ದಿನಾ ತಪ್ಪದ ಬರದ್ರ ಎರಡು ತಿಂಗಳು ಸಾಕವ್ವ."

"ಹಂಗಾರ ನನ್ನ ಹೆಸರು ಬರದು ಕೊಡ್ರಿ, ನೋಡಿ ತಿದ್ದತೀನಿ. ನೀವೂ ಏನರ ಒಂದು ದಿನಾ ಮಾಡ್ರಿ. ನಾ ನಿಮ್ಮನ್ನ ಕೇಳ್ತೀನಿ, ನೀವು ನನ್ನ ಕೇಳ್ರಿ."

ನನಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ದಿನಾ ಬೆಳಿಗ್ಗೆ ನಡೀರಿ ಅಂತ ಡಾಕ್ಟರು ಹೇಳಿ ವರ್ಷವಾಗಿತ್ತು. "ನಡೀತೀನಿ" ಅಂದೆ.

"ಯಾವಾಗಿಂದ?"

"ಸೋಮವಾರದಿಂದ."

"ಇವತ್ತ ಸೋಮವಾರ ಐತ್ರಿ ಸರ."

ಹು ಹು ಹು

ನಾನು ಕೊಟ್ಟ ನೋಟುಬುಕ್ಕು ನಾಲ್ಕೇ ದಿನಕ್ಕೆ ಮೂಲೆ ಸೇರಿತು. "ಮನ್ಯಾಗ ಪುಸ್ತಕ ತಗದ್ರ ಸಾಕು, ಮುಸುರಿ ಕರೀತೈತಿ, ಒಲಿ ಕರೀತೈತಿ" ಅಂದಳು. ಇವಳೂ ನನ್ನ ಸಾಲಿಗೇ ಸೇರಿದಳು ಅಂದುಕೊಂಡೆ.

ಸೇರಲಿಲ್ಲ. ಊಟದ ಬಿಡುವಿನಲ್ಲಿ ಲೋಡಿಗೆ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿದಳು. ಬಾಗಿಲ ಮೇಲೆ ದಪ್ಪಗೆ ಕೂತ ಕೆಂಪು ಧೂಳು. ಬರೆದರೆ ಮೂಡುತ್ತದೆ, ತಪ್ಪಿದರೆ ಅಂಗೈಯಿಂದ ಒರೆಸಬಹುದು. ಮೊದಲ ವಾರ ಒಂದೇ ಅಕ್ಷರ. ಹಿಡಿದ ಅಕ್ಷರ ಕೈಗೆ ಬರುವವರೆಗೆ ಮುಂದಿನದಕ್ಕೆ ಹೋಗಲಿಲ್ಲ.

ಒಬ್ಬ ಡ್ರೈವರ್ ಆಫೀಸಿಗೆ ನುಗ್ಗಿ ಬಂದ. "ಸರ, ನನ್ನ ಗಾಡಿ ಮ್ಯಾಲೆ ಈ ಕಡಿಂದ ಆ ಕಡಿತನ 'ಹು ಹು ಹು' ಅಂತ ಯಾರೋ ಬರದಾರ್ರಿ. ದಾರಿ ತುಂಬ ಮಂದಿ ಕೇಳ್ತಾರ, ನಿನ್ನ ಲಾರಿಗೇನು ಚಳಿಜ್ವರ ಬಂದೈತೇನು ಅಂತ!"

ಹರಕೆ

ನನ್ನ ನಡಿಗೆಗೆ ಅಡ್ಡ ಬಂದದ್ದು ಆಲಸ್ಯವಲ್ಲ, ಹೊಸಪೇಟೆಯ ಜನರ ಮರ್ಯಾದೆ. ಕಾಲುವೆ ದಂಡೆಯ ಮೇಲೆ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಯಾವುದೋ ಸ್ಕೂಟರ್ ನಿಲ್ಲುತ್ತಿತ್ತು. "ಹತ್ರಿ, ಯಾಕ ನಡೀತೀರಿ, ನಾವಿಲ್ಲೇನು?" ಬೇಡವೆಂದರೆ ಬೇಜಾರು. ಹತ್ತಿದರೆ ಅವತ್ತಿನ ನಡಿಗೆ ಮುಗಿಯಿತು.

ಹುಲಿಗೆಮ್ಮಕ್ಕ ಉಪಾಯ ಹೇಳಿಕೊಟ್ಟಳು: "ಹರಕಿ ಐತಿ ಅನ್ರಿ. ಯಾರೂ ಕರೆಯಂಗಿಲ್ಲ."

ಮರುದಿನ ಸಿಕ್ಕವರು ಪರಿಚಯದ ಕಂಪ್ಲಿ ಅಕ್ಕಿಮಿಲ್ಲಿನ ಯಜಮಾನರು. ಭಾರೀ ದೇಹ. ಹರಕೆ ಅಂದದ್ದೇ ತಡ, ಸ್ಕೂಟರ್ ಆಫ್ ಮಾಡಿ ಕೆಳಗಿಳಿದರು. "ಭಾಳ ಛಲೋ ಆತು. ನನಗೂ ಒಂದೀಟು ಪುಣ್ಯ ಬರ್ಲಿ" ಅಂತ ಚಪ್ಪಲಿ ಬಿಟ್ಟು, ಸ್ಕೂಟರ್ ತಳ್ಳುತ್ತಾ ನನ್ನ ಪಕ್ಕ ಒಂದೂವರೆ ಮೈಲಿ ಬಂದರು. ಕೊನೆಗೆ ಬೆವರು ಒರೆಸಿಕೊಂಡು ಕೇಳಿದರು: "ಯಾವ ದೇವರಿಗ್ರಿ ಹರಕಿ?"

ಸಕ್ಕರೆ ಕಾಯಿಲೆಗೆ ಅನ್ನಲು ನನಗೆ ಧೈರ್ಯ ಬರಲಿಲ್ಲ.

ಸಾಹೇಬರ ಜೀಪು

ಎರಡು ತಿಂಗಳು ತುಂಬುವ ಹೊತ್ತಿಗೆ ಹುಲಿಗೆಮ್ಮಕ್ಕನಿಗೆ ಪೂರ್ತಿ ಹೆಸರು ಬಂತು. ಅವತ್ತು ಲಾರಿ ಇರಲಿಲ್ಲವೋ ಏನೋ, ಮ್ಯಾನೇಜರ್ ಸಾಹೇಬರ ಜೀಪಿನ ಬಾನೆಟ್ ಮೇಲೆ ದೊಡ್ಡದಾಗಿ ಬರೆದು ಹೋದಳು: ಹುಲಿಗೆಮ್ಮ.

ಜೀಪಿನ ಡ್ರೈವರ್ ಬಂದು ನೋಡಿದ. ಅವನ ಮನೆದೇವರೇ ಹುಲಿಗೆಮ್ಮ. ಚಪ್ಪಲಿ ಬಿಟ್ಟು ಕೈ ಮುಗಿದ. ಸಾಹೇಬರು ಹೊರ ರಾಜ್ಯದವರು, ಕನ್ನಡ ಓದಲು ಬಾರದು. ಅವರಿಗೆ ಹೇಳಿದ: "ಅಮ್ಮನ ಹೆಸರು ಸಾರ್. ತಾನಾಗೇ ಮೂಡೈತಿ. ಜೀಪು ತೊಳಿಯಂಗಿಲ್ಲ."

ತೊಳೆಯಲಿಲ್ಲ. ಎಂಟು ದಿನ ಬಾನೆಟ್ ಮೇಲೆ ಹೂವು, ಕುಂಕುಮ. ಸಾಹೇಬರು ದಿನಾ ಬೆಳಿಗ್ಗೆ ಕೈ ಮುಗಿದೇ ಜೀಪು ಹತ್ತುತ್ತಿದ್ದರು.

ಒಂಬತ್ತನೆಯ ದಿನ ಹುಲಿಗೆಮ್ಮಕ್ಕ ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ಹಾಕಿದಳು. ನಾಲ್ಕು ಅಕ್ಷರಕ್ಕೆ ಪೂರಾ ಒಂದು ನಿಮಿಷ. ಬರೆದು ಮುಗಿಸಿ ತಲೆ ಎತ್ತಿದಾಗ ಅವಳ ಮುಖ ನೋಡಬೇಕಿತ್ತು! ಹಿಡಿದದ್ದನ್ನು ಮುಗಿಸಿದವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ನನ್ನ ಎದೆ ಉಬ್ಬಿಹೋಯಿತು. ಅಷ್ಟರಲ್ಲಿ ಸಾಹೇಬರು ಬಂದರು. ಹುರುಪಿನಲ್ಲಿ ಪುಸ್ತಕವನ್ನೇ ಅವರ ಮುಂದೆ ಹಿಡಿದೆ: "ನೋಡಿ ಸಾರ್, ನಮ್ಮ ಅಕ್ಕನ ಸಹಿ!"

ಓದಲು ಬಾರದಿದ್ದರೇನು, ಎಂಟು ದಿನ ಕೈ ಮುಗಿದ ಅಕ್ಷರ ಮರೆಯುತ್ತದೆಯೇ? ಸಾಹೇಬರು ಪುಸ್ತಕ ನೋಡಿದರು, ಕಿಟಕಿಯಾಚೆ ಜೀಪು ನೋಡಿದರು, ಹುಲಿಗೆಮ್ಮಕ್ಕನನ್ನು ನೋಡಿದರು. "ಇದು... ಅದೂ..." ಅಂತ ತೊದಲಿದರು.

ಅಕ್ಕನ ಕೆಲಸ ಹೋಯಿತು ಅಂದುಕೊಂಡೆ. ಎಲ್ಲರೂ ಜೀಪಿನ ಹತ್ತಿರ ಹೋದೆವು. ಡ್ರೈವರ್ ಆಗತಾನೇ ಊದುಬತ್ತಿ ಹಚ್ಚುತ್ತಿದ್ದ. ಸಾಹೇಬರು ಬಾನೆಟ್ ತೋರಿಸಿ ಕೇಳಿದರು: "ನೀನಾ ಬರೆದದ್ದು?"

ಹುಲಿಗೆಮ್ಮಕ್ಕ ಹೂವು ಸರಿಸಿ, ತನ್ನ ಅಕ್ಷರವನ್ನು ಬಗ್ಗಿ ನೋಡಿ, ಮುಖ ಕಿವುಚಿದಳು.

"ಹೌದ್ರಿ. ಆದ್ರ ಇದು ಹೋದ ವಾರದ್ದು, ಸೊಟ್ಟ ಬಂದೈತಿ. ಇದಕ್ಕ ಯಾಕ ಕೈ ಮುಗೀತೀರಿ ಸಾಹೇಬ್ರ? ಸ್ವಲ್ಪ ತಡೀರಿ, ಒರಸಿ ಛಲೋತ್ನಂಗ ಬರದು ಕೊಡ್ತೀನಿ."