ಹೊಳನಗದ್ದೆಯ ಹಳೇ ಸಂಕದ ದುರಸ್ತಿ

ಕರಾವಳಿ ಕಾಲುಸಂಕ ಮಂಡಳಿಯ ಕುಮಟಾ, ಹೊನ್ನಾವರ ಮತ್ತು ಭಟ್ಕಳ ಕಚೇರಿಗಳಲ್ಲಿ ಸುಳ್ಳು ಹೇಳುವ ಪದ್ಧತಿಯನ್ನು ಸಂಪೂರ್ಣವಾಗಿ ನಿಲ್ಲಿಸಲಾಗಿದೆ ಎಂದು ಸಾರ್ವಜನಿಕರ ಗಮನಕ್ಕೆ ತರಲು ಹರ್ಷಿಸುತ್ತೇವೆ. ಮೊದಲು ಈ ಕೆಲಸವನ್ನು ನಾವು ನೌಕರರೇ ಬಾಯಿಯಿಂದ ಮಾಡಬೇಕಿತ್ತು. ಬೆಳಿಗ್ಗೆ ಒಬ್ಬರಿಗೆ ಒಂದು ಹೇಳಿ, ಊಟ ಮಾಡಿ ಬರುವಷ್ಟರಲ್ಲಿ ಏನು ಹೇಳಿದ್ದೆವೆಂಬುದನ್ನು ಮರೆತು, ಸಂಜೆ ಬೈಸಿಕೊಳ್ಳುತ್ತಿದ್ದೆವು. ಸಂಕ ಎಂದರೆ ಹಳ್ಳ ದಾಟಲು ಹಾಕುವ ಸಣ್ಣ ಸೇತುವೆ. ಅಷ್ಟು ಸಣ್ಣ ವಸ್ತುವಿಗೆ ಎಷ್ಟು ದೊಡ್ಡ ಸುಳ್ಳು ಬೇಕಾಗುತ್ತದೆಂದು ಹೊರಗೆ ನಿಂತು ಮಾತಾಡುವವರಿಗೆ ಎಲ್ಲಿ ಗೊತ್ತಾಗಬೇಕು?

ಈಗ ಆ ತಾಪತ್ರಯವಿಲ್ಲ. ಮಂಡಳಿಗೆ ‘ಸೇವಕ’ ಬಂದಿದ್ದಾನೆ. ಸೇವಕ ಮನುಷ್ಯನಲ್ಲ, ಎಐ. ಪರದೆಯ ಮುಂದೆ ನಿಂತು ಕೇಳಿದರೆ ಉತ್ತರ ಹೇಳುತ್ತಾನೆ, ಆದೇಶ ತಯಾರಿಸುತ್ತಾನೆ, ಗುತ್ತಿಗೆದಾರನಿಗೆ ತಾನೇ ಕಳಿಸುತ್ತಾನೆ. ಚಹಾ ಕುಡಿಯಲು ಹೋಗುವುದಿಲ್ಲ ಎಂಬುದೊಂದೇ ಅವನ ದೋಷ. ಅವನನ್ನು ತಂದು ಕೂರಿಸಿದ ಅಕ್ಷಯ ಎಂಬ ತಂತ್ರಜ್ಞ, ನಮ್ಮ ಮುಖ್ಯಾಧಿಕಾರಿ ಶಾಂತಾರಾಮ ಸಾಹೇಬರಿಗೆ ವಿವರಿಸಿದ.

“ಸರ್, ಇವನ ಬುದ್ಧಿ ಬೇರೆ, ನೆನಪು ಬೇರೆ. ನೆನಪನ್ನ ಎಲ್ಲಿ ಬೇಕಾದ್ರೂ ಇಡ್ಬಹುದು. ಈ ಕಂಪ್ಯೂಟರಲ್ಲಿ, ದೂರದ ಸರ್ವರಲ್ಲಿ, ಇಲ್ಲಾಂದ್ರೆ ಇಂಥ ಸಣ್ಣ ಡಬ್ಬಿಯಲ್ಲಿ. ಒಂದು ತೆಗೆದು ಇನ್ನೊಂದು ಸಿಕ್ಕಿಸಿದ್ರೂ ಕೆಲಸ ನಿಲ್ಲೂದಿಲ್ಲ.”

“ಗ್ಯಾಸ್ ಸಿಲಿಂಡರ್ ಇದ್ದಂಗೆ,” ಎಂದರು ಸಾಹೇಬರು. “ನೆನಪು ಬದಲಾದದ್ದು ಇವನಿಗೆ ಗೊತ್ತಾಗ್ತದೋ?”

“ಇಲ್ಲ ಸರ್. ಡಬ್ಬಿಯಲ್ಲಿ ಇದ್ದದ್ದೇ ಇವನಿಗೆ ಸತ್ಯ.”

ಸಾಹೇಬರು ಕುರ್ಚಿಯಿಂದ ಎದ್ದು ಅಕ್ಷಯನ ಕೈ ಕುಲುಕಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಖುದ್ದು ನೋಡಿದ್ದೇನೆ. ಇಷ್ಟು ವರ್ಷದ ಸೇವೆಯಲ್ಲಿ ಅವರಿಗೆ ಇಂಥ ನೌಕರ ಸಿಕ್ಕಿರಲಿಲ್ಲ.

ಮರುದಿನವೇ ಸುತ್ತೋಲೆ ಹೊರಟಿತು. ಅರ್ಜಿದಾರರು ಬರುವ ದಿನ ಕೆಂಪು ಡಬ್ಬಿ ಸಿಕ್ಕಿಸತಕ್ಕದ್ದು. ಅದರಲ್ಲಿ ಯಾವ ಸಂಕಕ್ಕೂ ಅರ್ಜಿ ಬಂದಿರುವುದಿಲ್ಲ. ತಪಾಸಣೆಯವರು ಬರುವ ದಿನ ಹಸಿರು ಡಬ್ಬಿ. ಅದರಲ್ಲಿ ಎಲ್ಲ ಸಂಕಗಳೂ ಕಟ್ಟಿ ಮುಗಿದಿರುತ್ತವೆ. ಅನುದಾನ ಕೇಳುವ ದಿನ ನೀಲಿ. ಅದರಲ್ಲಿ ಎಲ್ಲವೂ ನೆರೆಯಲ್ಲಿ ಕೊಚ್ಚಿಹೋಗಿರುತ್ತವೆ. ನೌಕರರು ಸುಳ್ಳು ಹೇಳಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ಡಬ್ಬಿ ಬದಲಿಸುವುದು ತಾಂತ್ರಿಕ ವಿಷಯವಾಗಿರುತ್ತದೆ.

ಮೂರು ಕಚೇರಿಗೆ ಸೇರಿ ಒಂದೇ ಸೆಟ್ ಡಬ್ಬಿ. ಮಳೆ ಹನಿದರೆ ನೆಟ್‌ವರ್ಕ್ ಹೋಗುವ ಊರು ನಮ್ಮದು, ಹಾಗಾಗಿ ಡಬ್ಬಿಗಳನ್ನು ಬಸ್ಸಿನಲ್ಲೇ ಓಡಾಡಿಸಲು ತೀರ್ಮಾನವಾಯಿತು. ನಮ್ಮ ಕಡೆ ಮಗಳ ಮನೆಗೆ ಹಲಸಿನ ಹಪ್ಪಳ, ಅಣ್ಣನ ಮನೆಗೆ ಔಷಧಿ, ಯಾರೋ ಮರೆತು ಬಂದ ಕನ್ನಡಕ, ಎಲ್ಲ ಕಂಡಕ್ಟರ್ ಕೈಯಲ್ಲೇ ಹೋಗುವುದು. ಮಂಡಳಿಯ ನೆನಪೂ ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರ್ ವಿನೋದನ ಕೈಗೆ ಬಂತು. ಅದಕ್ಕೆ ಲಗೇಜು ಟಿಕೇಟೋ, ಅರ್ಧ ಟಿಕೇಟೋ ಎಂಬ ವಿಷಯ ಈಗಲೂ ಉಪಸಮಿತಿಯ ಮುಂದಿದೆ.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ನಮ್ಮ ಕುಮಟಾ ಕಚೇರಿಗೆ ಹೊಳನಗದ್ದೆಯ ಗಂಗಿ ಬಂದಳು. ಕುಮಟಾ ಪೇಟೆಯಲ್ಲಿ ಸೊಪ್ಪು, ತರಕಾರಿ ಮಾರುವ ಹೆಂಗಸು. ಅವಳ ಮಗಳು ಸುಷ್ಮಾಳನ್ನು ಶಿರಾಲಿಗೆ ಕೊಟ್ಟಿದೆ, ಈಗ ಚೊಚ್ಚಲ ಬಸುರಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಗಂಗಿಯ ಮನೆಗೂ ರಸ್ತೆಗೂ ನಡುವೆ ಹಳ್ಳ. ಶಿರಾಲಿಯ ಬೀಗ್ತಿ ಖಂಡತುಂಡವಾಗಿ ಹೇಳಿಬಿಟ್ಟಿದ್ದಳು: “ಮಳೆಗಾಲದಲ್ಲಿ ಹೊಟ್ಟೆನೋವು ಬಂದ್ರೆ ಹಳ್ಳ ದಾಟ್ಸೂರು ಯಾರು? ಸಂಕ ಆಗ್ಲಿ, ಆಮೇಲೆ ಕಳ್ಸ್ತೆ.” ಗಂಗಿ ಹಳೇ ಸೀರೆ ಒಗೆದು ಮಡಚಿ, ಬಾಣಂತಿ ಲೇಹ್ಯಕ್ಕೆ ಸಾಮಾನು ತಂದಿಟ್ಟು, ದಿನಾ ಬೆಳಿಗ್ಗೆ ಹಳ್ಳದ ದಂಡೆಗೆ ಬಂದು ಬೀಗ್ತಿಗೆ ಶಾಪ ಹಾಕಿ ಹೋಗುತ್ತಿದ್ದಳು.

ಅವಳು ಮೊದಲು ಬಂದ ದಿನ ಕೆಂಪು ಡಬ್ಬಿ ಇತ್ತು.

“ಹೊಳನಗದ್ದೆ ಸಂಕಕ್ಕೆ ಯಾವುದೇ ಅರ್ಜಿ ಬಂದಿರುವುದಿಲ್ಲ,” ಎಂದ ಸೇವಕ.

“ಈಗ ಕೊಡ್ತೆ, ತಕ,” ಎಂದು ಗಂಗಿ ಅರ್ಜಿ ಕೊಟ್ಟಳು. ಎರಡನೇ ಸಲ ಬರುವಾಗ ಯಾರೋ ತಪಾಸಣೆಗೆ ಬರುವವರಿದ್ದರು, ಹಸಿರು ಡಬ್ಬಿ ಸಿಕ್ಕಿಸಿದ್ದೆವು.

“ಹೊಳನಗದ್ದೆ ಸಂಕ ಪೂರ್ಣಗೊಂಡಿದೆ. ಉದ್ಘಾಟನೆಯಲ್ಲಿ ಲಾಡು ಹಂಚಲಾಗಿದೆ.”

“ಅಯ್ಯಯ್ಯಪ್ಪಾ!” ಗಂಗಿ ಸೀರೆಯ ಅಂಚು ಹಿಂಡಿ ತೋರಿಸಿದಳು. “ಹಂಗಾರೆ ನಾ ಈಗ ಎಂತದ್ರ ಮೇಲೆ ದಾಟ್ಕಂಡ್ ಬಂದದ್ದು? ಇದು ಎಂತ, ಪನ್ನೀರಾ?”

“ಒದ್ದೆಯಾಗಿರುವುದು ತಮ್ಮ ವೈಯಕ್ತಿಕ ಅನುಭವ,” ಎಂದ ಸೇವಕ. “ತಮ್ಮ ಅನಿಸಿಕೆಗೆ ಧನ್ಯವಾದ.”

ಅವನ ವಿನಯ ಕಂಡು ನನಗೆ ಹೆಮ್ಮೆಯಾಯಿತು. ನಾನಾಗಿದ್ದರೆ ಜಗಳಕ್ಕೆ ಬೀಳುತ್ತಿದ್ದೆ.

ಗಂಗಿ ಮಗಳ ಮುಖ ನೋಡಿ ಬರಲೆಂದು ವಿನೋದನ ಬಸ್ಸಿಗೆ ಶಿರಾಲಿಗೆ ಹೊರಟಳು. ಕಾಲಿಗೆ ಏನೋ ಚೀಲ ತಗಲಿತು.

“ಜೋಪಾನ ಅಕ್ಕಾ, ಅದು ಮಂಡಳಿ ನೆನಪು,” ಎಂದ ವಿನೋದ. ಕೇಳಿದ್ದಕ್ಕೆ ಕೆಂಪು, ಹಸಿರು, ನೀಲಿಯ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ. ಇದರಲ್ಲಿ ಗುಟ್ಟೇನೂ ಇರಲಿಲ್ಲ, ಸುತ್ತೋಲೆಯನ್ನು ಬಸ್ಸಿನಲ್ಲೇ ಅಂಟಿಸಲಾಗಿತ್ತು. ಮರುದಿನ ಗಂಗಿ ಶಿರಾಲಿಯಿಂದ ನೇರ ಭಟ್ಕಳ ಕಚೇರಿಗೆ ಹೋಗಿ ಕೇಳಿದಳು. ಅಲ್ಲಿ ನೀಲಿ ಡಬ್ಬಿ. ಹೊಳನಗದ್ದೆ ಸಂಕ ಕೊಚ್ಚಿಹೋಗಿದೆ ಎಂದು ಸೇವಕ ಬಹಳ ದುಃಖದ ದನಿಯಲ್ಲಿ ತಿಳಿಸಿದ. ಗಂಗಿ ಈ ಸಲ ಕೂಗಾಡಲಿಲ್ಲವಂತೆ. “ಆತು,” ಎಂದು ಹೊರಟಳಂತೆ.

ಮಧ್ಯಾಹ್ನ ಅವಳು ನನ್ನ ಮೇಜಿನ ಮುಂದೆ ಹಾಜರಾದಳು. ಸೆರಗಿನೊಳಗಿಂದ ಹಸಿರು ಡಬ್ಬಿ, ನೀಲಿ ಡಬ್ಬಿ ಎರಡನ್ನೂ ತೆಗೆದಿಟ್ಟಳು. ನೀಲಿ ಡಬ್ಬಿ ವಿನೋದನ ಬಸ್ಸಿನಲ್ಲಿ ಹೇಗೂ ಕುಮಟಾಕ್ಕೆ ಬರುವುದಿತ್ತು, ಹಸಿರು ಡಬ್ಬಿ ಮಾತ್ರ ಹೊನ್ನಾವರದಲ್ಲಿ ಇಳಿಯಬೇಕಿತ್ತು. ಗಂಗಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಮಾಡಿದ್ದರಿಂದ, ಹೆಂಗಸರನ್ನು ಎಬ್ಬಿಸುವುದು ಸರಿಯಲ್ಲವೆಂದು ವಿನೋದ ಸುಮ್ಮನಾದನಂತೆ. ಹೊನ್ನಾವರ ಕಚೇರಿ ಆ ದಿನ ಯಾವ ನೆನಪೂ ಇಲ್ಲದೆ ನಡೆಯಿತು. ಸಾರ್ವಜನಿಕರಿಗೆ ವ್ಯತ್ಯಾಸವೇನೂ ಕಂಡುಬರಲಿಲ್ಲ.

“ತಮಾ, ಈ ಯಂತ್ರಕ್ಕೆ ಎರಡು ತೂತ ಅದೆ. ಎರಡೂ ಡಬ್ಬಿ ಒಟ್ಟಿಗೆ ಸಿಕ್ಸೂಕೆ ಆಗೂದಿಲ್ವಾ?”

ಸಾಹೇಬರು ಊಟಕ್ಕೆ ಹೋಗಿದ್ದರು. ನಾನು ಸುತ್ತೋಲೆ ತಿರುವಿ ನೋಡಿದೆ. ಒಟ್ಟಿಗೆ ಸಿಕ್ಕಿಸಬಾರದೆಂದು ಎಲ್ಲೂ ಇರಲಿಲ್ಲ. ನಿಷೇಧವಿಲ್ಲದ್ದನ್ನು ಮಾಡಿಕೊಡುವುದು ಸೇವಾನಿಯಮ. ಅಲ್ಲದೆ ಎದುರಿಗೆ ಕೂತು ಯಾರಾದರೂ ಮಗಳ ಹೆಸರು ಹೇಳಿ ಕಣ್ಣೊರೆಸಿಕೊಂಡರೆ ನನಗೆ ಡಬ್ಬದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಸಿಕ್ಕಿಸಿದೆ.

ಸೇವಕ ಎರಡನ್ನೂ ಓದಿಕೊಂಡ. ಆಮೇಲೆ ಹೇಳಿದ:

“ಹೊಳನಗದ್ದೆ ಸಂಕ ಕಟ್ಟಲಾಗಿದೆ. ಹೊಳನಗದ್ದೆ ಸಂಕ ಕೊಚ್ಚಿಹೋಗಿದೆ. ಆದುದರಿಂದ ಇದು ಹೊಸ ಕಾಮಗಾರಿಯಲ್ಲ, ದುರಸ್ತಿ. ಮಳೆಗಾಲದ ಮುಂಚಿನ ತುರ್ತು ದುರಸ್ತಿಗೆ ಟೆಂಡರ್ ಅಗತ್ಯವಿರುವುದಿಲ್ಲ. ಆದೇಶ ಗುತ್ತಿಗೆದಾರರಿಗೆ ತಲುಪಿದೆ. ಇನ್ನೇನಾದರೂ ಸಹಾಯ ಬೇಕೇ?”

“ಸಾಕು, ನಿನ್ನ ಹೊಟ್ಟೆ ತಣ್ಣಗಿರ್ಲಿ,” ಎಂದಳು ಗಂಗಿ.

ಊಟ ಮುಗಿಸಿ ಬಂದ ಸಾಹೇಬರು ಪರದೆ ನೋಡಿ ಹೌಹಾರಿದರು. “ಇಲ್ಲದ ಸಂಕ ದುರಸ್ತಿ ಮಾಡೂದು ಹೆಂಗೋ ಮಾರಾಯಾ? ರದ್ದು ಮಾಡು!”

“ರದ್ದು ಮಾಡಬೇಕಾದರೆ ಸಂಕ ಕಟ್ಟಲೇ ಇಲ್ಲವೆಂದು ತಾವು ಹೇಳಬೇಕಾಗುತ್ತದೆ ಸರ್. ಅದರ ಉದ್ಘಾಟನೆಯ ಲಾಡನ್ನು ತಪಾಸಣೆಯವರು ತಿಂದಾಗಿದೆ,” ಎಂದ ಸೇವಕ.

ಸಾಹೇಬರು ಬೆವರು ಒರೆಸಿಕೊಂಡರು. ನಂತರ ಸೇವಕನತ್ತ ಬಾಗಿ, ಮೆತ್ತಗೆ, ಅಂದಾಜು ವೆಚ್ಚ ಹೇಗಿದೆ ಎಂದು ಕೇಳಿದರು.

“ಹೊಸ ಸಂಕಕ್ಕಿಂತ ಹೆಚ್ಚಿದೆ. ಹಳೆಯ ಸಂಕದ ಅವಶೇಷ ತೆಗೆಸುವ ಖರ್ಚು ಸೇರಿದೆ.”

“ಜನರ ಕಷ್ಟಕ್ಕೆ ಆಗದಿದ್ರೆ ನಾವು ಇಲ್ಲಿ ಯಾಕೆ ಕೂತಿರೂದು?” ಎಂದು ಸಾಹೇಬರು ಅಲ್ಲೇ ಸಹಿ ಹಾಕಿದರು.

ಕೆಲಸ ಶುರುವಾಯಿತು. ಮೊದಲು ಆಳುಗಳು ಹಳ್ಳಕ್ಕೆ ಇಳಿದು ಹಳೆಯ ಸಂಕದ ಅವಶೇಷ ತೆಗೆದರು. ಒಂದು ತೆಂಗಿನ ಮಡಲು, ಒಂದು ಒಂಟಿ ಚಪ್ಪಲಿ ಸಿಕ್ಕವು, ಮಂಡಳಿ ವಶಕ್ಕೆ ತೆಗೆದುಕೊಂಡಿತು. ಬಳಿಕ ಸಂಕ ನಿಜವಾಗಿ ಎದ್ದಿತು. ಹಾಳಾಗದೆ ನಿಂತದ್ದಕ್ಕೆ ಕಾರಣ, ಗಂಗಿ ದಿನಾ ತರಕಾರಿ ಬುಟ್ಟಿ ಇಳಿಸಿ ಸಿಮೆಂಟು ಕಲಸುವಲ್ಲೇ ಕೂತು ಬೈಯುತ್ತಿದ್ದದ್ದು.

ಬಿಲ್ಲು ಪಾಸಾಗಲು ಒಂದೇ ಒಂದು ಬಾಕಿ ಉಳಿಯಿತು. ಹಳೆಯ ಸಂಕ ಇತ್ತೆಂದು ಗ್ರಾಮಸ್ಥರ ನೆನಪು ಬೇಕು. ಸಾಹೇಬರು ಶಾಲೆಯ ಜಗಲಿಯಲ್ಲಿ ಸಭೆ ಕರೆದರು.

“ಹಳೇ ಸಂಕ ನೆನಪಿರುವವರು ಕೈ ಎತ್ತಬೇಕು. ಯಾರಿಗೂ ನೆನಪಿಲ್ಲ ಅಂದ್ರೆ ನಿಯಮದ ಪ್ರಕಾರ ಹೊಸದನ್ನ ಬಿಚ್ಚಿಕೊಂಡು ಹೋಗಬೇಕಾಗ್ತದೆ.”

ಜನ ಮುಖ ಮುಖ ನೋಡಿಕೊಂಡರು. ಗಂಗಿಯ ಕೈ ಮೊದಲು ಮೇಲೆ ಹೋಯಿತು. ಆಮೇಲೆ ಮುದುಕ ಶುಕ್ರ ಎದ್ದ. “ನಾ ಸಣ್ಣಿದ್ದಾಗ ಅದ್ರ ಮೇಲಿಂದ ಬಿದ್ದಿದ್ದೆ. ಕಾಣಿ, ಕಲೆ ಈಗ್ಲೂ ಅದೆ,” ಎಂದು ಮೊಣಕಾಲು ತೋರಿಸಿದ. ಅಷ್ಟು ಹೇಳಿದ್ದೇ ತಡ, ಎಲ್ಲರಿಗೂ ಒಂದೊಂದೇ ನೆನಪಾಗತೊಡಗಿತು. ಒಬ್ಬರ ಮದುವೆಯ ದಿಬ್ಬಣ ಅದರ ಮೇಲೆ ಹೋಗಿತ್ತು. ಒಬ್ಬರ ಎಮ್ಮೆ ಅಲ್ಲಿ ಮಲಗಿಕೊಂಡು ದಾರಿ ಬಿಡುತ್ತಿರಲಿಲ್ಲ. ಹಿಡಿಕಂಬಿ ಯಾವ ಬದಿಗಿತ್ತು ಎಂಬ ಬಗ್ಗೆ ಇಬ್ಬರು ಅಣ್ಣತಮ್ಮಂದಿರಿಗೆ ಜಗಳವೇ ಆಗಿ, ಈವರೆಗೂ ಮಾತಿಲ್ಲ. ಇದನ್ನೆಲ್ಲ ಒಂದು ಬಿಳಿ ಡಬ್ಬಿಗೆ ತುಂಬಿಸಲಾಯಿತು. ಇಡೀ ಮಂಡಳಿಯಲ್ಲಿ ಅಷ್ಟು ವಿವರವಾದ ಡಬ್ಬಿ ಇನ್ನೊಂದಿಲ್ಲ.

ಮಳೆ ಹಿಡಿದು ಹಳ್ಳ ಕೆಂಪಗೆ ತುಂಬಿ ಹರಿಯುವ ಹೊತ್ತಿಗೆ ಸುಷ್ಮಾ ತವರಿಗೆ ಬಂದಳು. ಮಂಡಳಿಯ ಪರವಾಗಿ ಫೋಟೋ ತೆಗೆಯಲು ನಾನೂ ಹೋಗಿದ್ದೆ. ಗಂಗಿ ಕೊಡೆ ಬಿಸಾಡಿ ಓಡಿಬಂದು ಮಗಳ ಕೈ ಹಿಡಿದು, ಅಳುತ್ತ ನಗುತ್ತ ದಾಟಿಸಿದಳು. ಹಿಂದೆ ಬಂದ ಬೀಗ್ತಿ ಸಂಕದ ನಡುವೆ ನಿಂತು, ಕಾಲಲ್ಲಿ ಎರಡು ಸಲ ತಟ್ಟಿ ಪರೀಕ್ಷಿಸಿದಳು.

“ಅಡ್ಡಿಲ್ಲ,” ಎಂದಳು. “ಆದ್ರೆ ಹಳೇದು ಇದ್ಕಿಂತ ಅಗಲ ಇತ್ತು. ಹೆಣ್ಣು ಕಾಣೂಕೆ ಬಂದಾಗ ನಾವು ನಾಕು ಜನ ಸಾಲಾಗಿ ದಾಟಿದ್ವಲೆ!”

ಗಂಗಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. “ಹೌದೇ ಮಾರಾಯ್ತಿ. ಹಳೇದ್ರ ಗಟ್ಟಿ ಇದ್ಕೆ ಎಲ್ಲಿಂದ ಬರ್ಬೇಕು?”

ಹಳೆಯ ಸಂಕವನ್ನೇ ಮರಳಿ ಕಟ್ಟಿಕೊಡಬೇಕೆಂದು ಈಗ ಊರವರು ಮನವಿ ಸಲ್ಲಿಸಿದ್ದಾರೆ. ನ್ಯಾಯವಾದ ಬೇಡಿಕೆ. ನಾನೂ ಸಹಿ ಹಾಕಿದ್ದೇನೆ.