ಒಳಗಿನಿಂದ ಚಿಲಕ

ಕನ್ನಡಕದವನು ಒಂದು ಬೀಗ ತಂದದ್ದೇ ಎಲ್ಲಕ್ಕೂ ಕಾರಣ.

ಮಹಾನಗರದ ಅಂಚಿನ ಆ ಓಣಿ ಪುಟ್ಟ ಹಳ್ಳಿಯ ಹಾಗಿತ್ತು. ಅಲ್ಲಿದ್ದವರೆಲ್ಲ ಕಲಾವಿದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಇವನೊಬ್ಬ ಮಾತ್ರ ಬಾಡಿಗೆ ಕಡಿಮೆಯೆಂದು ಬಂದು ಸೇರಿಕೊಂಡಿದ್ದ. ಓಣಿಯಲ್ಲಿ ಯಾರೂ ಬೀಗ ಹಾಕುವುದಿಲ್ಲ, ಬಾಗಿಲು ತಟ್ಟುವುದೂ ಇಲ್ಲ. ಮಡಕೆ ಮಾಡುವ ಅಕ್ಕ ತನ್ನ ಹಸಿ ಹೂಜಿಗಳನ್ನು ಇವನ ಮಂಚದ ಮೇಲೆ ಒಣಗಿಸುತ್ತಿದ್ದಳು. ಯಾರ ದನಿಯನ್ನಾದರೂ ಅನುಕರಿಸಬಲ್ಲ ಗಿಳಿರಾಯ ಬೆಳಗಾದರೆ ಇವನ ಕನ್ನಡಿಯೆದುರು ಅಭ್ಯಾಸಕ್ಕೆ ನಿಲ್ಲುತ್ತಿದ್ದ. "ನಿದ್ದೆ ಮಾಡ್ತಿದೀನಿ, ಆಮೇಲೆ ಬನ್ನಿ" ಎಂದು ಇವನು ಗೋಗರೆದರೆ, "ಮಲಕ್ಕೋ ಮಾರಾಯ, ನಮಗೇನೂ ತೊಂದರೆ ಇಲ್ಲ" ಅನ್ನುತ್ತಿದ್ದರು. ಒಳಗಿನ ಚಿಲಕ ಎಂದೋ ಕಿತ್ತುಹೋಗಿ ಬಾಗಿಲಲ್ಲಿ ಅದರ ತೂತುಗಳಷ್ಟೇ ಉಳಿದಿದ್ದವು.

"ಇದನ್ನ ಹಾಕಿ ನೋಡಿ ಸಾರ್, ಹೊರಗಿನವನು ಒಳಗೆ ಕಾಲಿಡೋ ಮಾತೇ ಇಲ್ಲ" ಎಂದಿದ್ದ ಬೀಗದ ಅಂಗಡಿಯವನು.

ರಜಾದಿನ ಬೆಳಿಗ್ಗೆ ಇವನು ಬೀಗ ಜಡಿದು, ಕಳ್ಳಬೆಕ್ಕಿನಂತೆ ಮನೆಯ ಹಿಂದಕ್ಕೆ ನಡೆದ. ಬೀಗ ನೋಡಿದವರು ಮನೆಯಲ್ಲಿ ಯಾರೂ ಇಲ್ಲವೆಂದು ಹೋಗುತ್ತಾರೆ, ತಾನು ತೆರೆದಿಟ್ಟ ಕಿಟಕಿಯಿಂದ ಒಳಗಿಳಿದು ಸಂಜೆಯತನಕ ಗೊರಕೆ ಹೊಡೆಯುವುದು ಎಂಬುದು ಅವನ ಉಪಾಯ. ಜನ್ಮದಲ್ಲಿ ಒಂದೇ ಒಂದು ದಿನ ತನ್ನ ಮಂಚದ ಮೇಲೆ ತಾನು ಮಲಗಬೇಕು, ಅವನ ಆಸೆ ಅಷ್ಟೇ.

ಕಿಟಕಿ ಮುಚ್ಚಿತ್ತು. ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದರು.

ಓಡಿ ಮುಂಬಾಗಿಲಿಗೆ ಬಂದರೆ ಬೀಗ ಕಂಡು, ಗೊರಕೆ ಕೇಳಿ ಅಲ್ಲಾಗಲೇ ಓಣಿಗೆ ಓಣಿಯೇ ನೆರೆದಿತ್ತು.

"ಒಳಗೆ ಯಾರನ್ನೋ ಕೂಡಿಹಾಕಿದೀಯಾ?" ಮಡಕೆ ಅಕ್ಕ ಕೇಳಿದಳು.

"ಯಾರೂ ಇಲ್ಲ ಅಕ್ಕ!"

ಗೊರಕೆ ನಿಂತಿತು. "ನಿದ್ದೆ ಮಾಡ್ತಿದೀನಿ, ಆಮೇಲೆ ಬನ್ನಿ" ಎಂದಿತು ಒಳಗಿನ ದನಿ. ಅದು ಇವನದೇ ದನಿ, ಬೆಳಗಿನ ಕಫದ ಸಮೇತ.

"ಅಯ್ಯೋ ಪಾಪ, ಮಲಗಲಿ" ಎಂದು ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಇಷ್ಟು ಕಾಲ ಇವನು ಬೇಡಿಕೊಂಡಾಗ ಒಬ್ಬರೂ ಸರಿದಿರಲಿಲ್ಲ. ಇವನಿಗೆ ಹೆದರಿಕೆಗಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ಆಮೇಲೆ ಥಟ್ಟನೆ ಹೊಳೆದು ನಕ್ಕುಬಿಟ್ಟ.

"ಗಿಳಿರಾಯ ಕಣ್ರೀ! ಕನ್ನಡಿ ಮುಂದೆ ಇದ್ದವನನ್ನ ನೋಡದೆ ಬೀಗ ಹಾಕಿಬಿಟ್ಟೆ."

ಗುಂಪಿನ ಹಿಂದಿನಿಂದ ಗಿಳಿರಾಯ ಕೈಯೆತ್ತಿದ. ಅವನ ಬಾಯಿ ತುಂಬ ಬನ್ನು.

ಇವನ ನಗು ಅರ್ಧಕ್ಕೇ ನಿಂತಿತು. ಬೀಗ ತೆಗೆದ. ಬೀಗ ಕಳಚಿದ್ದೇ ತಡ, ಒಳಗಿನಿಂದ ಯಾರೋ ಚಿಲಕ ಹಾಕಿದ ಸದ್ದು ಕೇಳಿಸಿತು. ಇಲ್ಲದ ಚಿಲಕದ ಸದ್ದು!

ಅಷ್ಟರಲ್ಲಿ ಒಳಗೂ ಹೊರಗೂ ಒಂದೇ ದನಿ ಕೇಳಿ ಮನೆಯೊಡತಿ ಅಜ್ಜಿ ಕೋಲೂರಿಕೊಂಡು ಬಂದಳು. ಆ ಓಣಿಯಲ್ಲಿ ಅವಳು ಹೇಳಿದ್ದೇ ತೀರ್ಪು. "ನಾನು ಬಾಡಿಗೆಗೆ ಕೊಟ್ಟಿದ್ದು ಒಬ್ಬನಿಗೆ. ಅಸಲಿ ಯಾರು ಅಂತ ಈಗಲೇ ತಿಳೀಬೇಕು. ಇಬ್ಬರೂ ಹೇಳ್ರಪ್ಪಾ, ನಮ್ಮ ಹುಡುಗಿಯ ದೊಡ್ಡ ಹೂಜಿ ಒಡೆದದ್ದು ಯಾರು?"

ಪ್ರದರ್ಶನಕ್ಕೆಂದು ಅಕ್ಕ ಮಾಡಿದ್ದ ಹೂಜಿ ಅದು. ನಿದ್ದೆಗಣ್ಣಿನಲ್ಲಿ ಒದ್ದು ಕೆಡವಿದವನು ಇವನೇ. ಅದು ಚೂರಾದ ದಿನ ಅಕ್ಕ ಊಟ ಬಿಟ್ಟು ಅತ್ತಿದ್ದಳು. ಇವನು ಅಕ್ಕನ ಮುಖ ನೋಡಿದ, ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು.

"ಬೆಕ್ಕು ಅಂತ ಅವತ್ತೇ ಹೇಳಿದೆನಲ್ಲ ಅಜ್ಜಿ!"

"ನಾನೇ ಅಕ್ಕ" ಎಂದಿತು ಒಳಗಿನ ದನಿ. "ಹೇಳೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಇವನನ್ನು ಮೇಲಿಂದ ಕೆಳಗೆ ನೋಡಿದಳು.

"ಅನುಮಾನವೇ ಇಲ್ಲ, ಈ ಸುಳ್ಳುಬುರುಕನೇ ಅಸಲಿ."

ಇವನಿಗೆ ಹೋದ ಜೀವ ಬಂದಂತಾಯಿತು. "ಅದನ್ನೇ ಬೆಳಿಗ್ಗೆಯಿಂದ ಬಡ್ಕೋತಿದೀನಿ ಅಜ್ಜಿ!"

"ಆದರೆ ನಮಗೆ ಒಳಗಿರೋನೇ ಇರಲಪ್ಪ" ಎಂದಳು ಅಜ್ಜಿ. ಎಲ್ಲರೂ ತಲೆದೂಗಿದರು.

ಬಾಗಿಲು ತಾನಾಗಿಯೇ ಅರ್ಧ ತೆರೆಯಿತು. ಹೊರಗೆ ಅಷ್ಟು ಬಿಸಿಲಿದ್ದರೂ ಒಳಗೆ ಬಾವಿಯಂಥ ಕತ್ತಲು. "ಬನ್ನಿ ಬನ್ನಿ, ಹೂಜಿಗಳನ್ನ ಮಂಚದ ಮೇಲೇ ಇಡಿ ಅಕ್ಕ" ಎಂದು ಕತ್ತಲು ಉಪಚಾರ ಮಾಡಿತು. ಅಕ್ಕ ಹೋದಳು, ಗಿಳಿರಾಯ ಹೋದ, ಅಜ್ಜಿಯೂ ಹೋದಳು. ಇವನೂ ಅವರ ಹಿಂದೆ ಕಾಲೆತ್ತಿದ. ಬಾಗಿಲು ಮೂಗಿನ ಮುಂದೆಯೇ ಮುಚ್ಚಿಕೊಂಡಿತು, ಚಿಲಕ ಬಿತ್ತು.

ಒಳಗೆ ಎಲ್ಲರೂ ನಗುತ್ತಿದ್ದರು. ಅವರ ನಡುವೆ ತನ್ನ ನಗುವೇ ಎಲ್ಲರಿಗಿಂತ ಜೋರಾಗಿರುವುದು ಇವನಿಗೆ ಕೇಳಿಸಿತು.

ಬೀಗದ ಅಂಗಡಿಯವನು ಮೋಸ ಮಾಡಿರಲಿಲ್ಲ. ಹೊರಗಿನವನು ಒಳಗೆ ಕಾಲಿಡುವ ಮಾತೇ ಇರಲಿಲ್ಲ.